ಹಗ್ಗದ ಬಸಗೊಂಡಪ್ಪ ನಡುಗಡ್ಡೆಯಲ್ಲಿ ಕೂತದ್ದು

ನಮ್ಮ ಅಕ್ಕನ ಗಂಡ ಬಸಗೊಂಡಪ್ಪನವರು ಕೂತು ಉಂಡದ್ದನ್ನು ಜೋರಾಪುರ ಪೇಟೆಯಲ್ಲಿ ಯಾರೂ ನೋಡಿರಲಿಲ್ಲ. ಮುಂದೆ ಹಗ್ಗದ ಅಂಗಡಿ, ಹಿಂದೆ ಮನೆ. ನಡುವಿನ ಬಾಗಿಲಲ್ಲಿ ನಿಂತು, ಎಡಗೈಯಲ್ಲಿ ರೊಟ್ಟಿ ಹಿಡಿದು, ಒಂದು ಕಣ್ಣು ಪಲ್ಯದ ಮೇಲೆ ಇನ್ನೊಂದು ಕಣ್ಣು ಗಿರಾಕಿಯ ಮೇಲೆ ಇಟ್ಟು ಉಣ್ಣುತ್ತಿದ್ದರು. ಕ್ಷೌರಕ್ಕೆ ಹೋದರೆ ಅರ್ಧ ಗಡ್ಡಕ್ಕೇ ಎದ್ದು, ಎದುರಿಗೆ ನಿಂತ ಚಕ್ಕಡಿಯ ಎತ್ತಿನ ಮೂಗುದಾಣ ಸಡಿಲಾಗಿದೆ ಎಂದು ಹೇಳಿ ಬರುತ್ತಿದ್ದರು. ತಮ್ಮ ಮದುವೆಯಲ್ಲೇ ಎರಡು ಸಲ ಎದ್ದು ಹೋಗಿ ಹಂದರದ ಹಗ್ಗ ಬಿಗಿ ಮಾಡಿ ಬಂದರೆಂದು ಬಬಲೇಶ್ವರದ ನಮ್ಮ ಓಣಿಯವರು ಈಗಲೂ ಹೇಳುತ್ತಾರೆ. ನಾನು ಆಗ ಸಣ್ಣವ. ಬಾಸಿಂಗ ಕಟ್ಟಿಕೊಂಡ ವರನೊಬ್ಬ ಹಂದರಗಂಬ ಹತ್ತಿದ್ದು ಮಾತ್ರ ನನಗೆ ನೆನಪಿದೆ.

ಅವರ ಈ ಚಡಪಡಿಕೆಗೆ ಒಂದು ತತ್ವವಿತ್ತು. ಜಿಲ್ಲೆಯ ಎತ್ತು, ಎಮ್ಮೆ, ಕರುಗಳೆಲ್ಲ ತಮ್ಮ ಅಂಗಡಿಯ ಕಣ್ಣಿಗೆ, ಅಂದರೆ ಕೊರಳ ಹಗ್ಗಕ್ಕೆ, ಕಟ್ಟಿಕೊಂಡೇ ನಿಂತಿವೆ. ತಾವು ಒಂದು ಗಳಿಗೆ ಮೈಮರೆತರೆ ತಿಕೋಟಾದಿಂದ ಹಿಡಿದು ಕಳ್ಳಕವಟಗಿಯ ತನಕ ದನಗಳೆಲ್ಲ ಹರಿದುಕೊಂಡು ಬೆಳೆಗೆ ನುಗ್ಗುತ್ತವೆ. ಇದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಹಗ್ಗವನ್ನು ಮಾರು ಹಾಕುವಾಗ, ಎರಡೂ ತೋಳು ಚಾಚಿ ಎದೆ ಉಬ್ಬಿಸಿ ನಿಲ್ಲುತ್ತಿದ್ದರಲ್ಲ, ಆಗ ಅದು ಮುಖದ ಮೇಲೆ ಕಾಣುತ್ತಿತ್ತು.

ಅವರ ಅಣ್ಣ ಮಲಕಾಜಪ್ಪನವರೂ ಹೀಗೆಯೇ ಇದ್ದರು. ಅವರು ಹಿಂದಿನ ವರ್ಷ ಅಂಗಡಿಯ ಮೆಟ್ಟಿಲ ಮೇಲೆ ಮಾರು ಹಾಕುತ್ತ, ಚಾಚಿದ ಕೈ ಚಾಚಿದಂತೆಯೇ ಬಿದ್ದರು. ಮತ್ತೆ ಏಳಲಿಲ್ಲ. ಕೈಯಲ್ಲಿನ ಹಗ್ಗ ಬಿಡಿಸಿದವಳು ನಮ್ಮ ಅಕ್ಕ ನೀಲಾಬಾಯಿ.

ಹಾಗಾಗಿ ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಸಗೊಂಡಪ್ಪನವರು ಅದೇ ಮೆಟ್ಟಿಲ ಮೇಲೆ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದಾಗ ಅಕ್ಕ ಟಾಂಗಾ ತರಿಸಿದಳು. ಆಗ ತಾನೇ ಮನೆಗಳೇಳುತ್ತಿದ್ದ ಜಲನಗರದಲ್ಲಿ ಒಬ್ಬ ಡಾಕ್ಟರಿದ್ದರು. ಅವರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುತ್ತಿದ್ದಾಗ ರೋಗಿ ಪಟ್ಟಿ ಸಮೇತ ಎದ್ದುನಿಂತು, ಕಿಟಕಿಯ ಪರದೆ ಕಟ್ಟಿದ ದಾರ ಸರಿಯಿಲ್ಲವೆಂದರು.

"ಕುಂಡ್ರ್ರಿ," ಅಂದರು ಡಾಕ್ಟರು. "ಗುಳಿಗಿ ಬರೀತೇನಿ. ಆದ್ರ ನಿಮಗ ಬೇಕಾದ್ದು ಗುಳಿಗಿ ಅಲ್ಲ. ಎಂಟು ದಿನ ಊರು ಬಿಟ್ಟು ಹೋಗಿ ಸುಮ್ಮನ ಕುಂಡ್ರೂದು ಕಲೀರಿ. ಇಲ್ಲಂದ್ರ ನಿಮ್ಮ ಅಣ್ಣನ ಹಾದಿನಽ."

ಅಕ್ಕ ಡಾಕ್ಟರ ಹಿಂದಿನ ಕ್ಯಾಲೆಂಡರ್ ನೋಡುತ್ತಿದ್ದಳು. ಅದರಲ್ಲೊಂದು ಚಿತ್ರ: ನೀಲಿ ನೀರು, ನಡುವೆ ಅಂಗೈಯಷ್ಟು ನೆಲ, ನೆಲದ ಮೇಲೆ ಮೂರು ತೆಂಗಿನ ಮರ. ಬೇರೆ ಏನೂ ಇಲ್ಲ. ಪೇಟೆಯಿಲ್ಲ, ಗಿರಾಕಿಯಿಲ್ಲ, ದನವಿಲ್ಲ.

"ಇಂಥಾದ್ದು ಎಲ್ಲಿ ಸಿಗತೈತ್ರಿ?" ಎಂದು ಕೇಳಿದಳು.

ಮನೆಯಲ್ಲಿ ಗದ್ದಲವಾಯಿತು. ಧರ್ಮಸ್ಥಳ ಆಗಬಹುದು, ಪಂಢರಪುರ ಆಗಬಹುದು, ನಡುಗಡ್ಡೆ ಎಂದರೇನು? ಅಕ್ಕನ ಉತ್ತರ ಸಿದ್ಧವಿತ್ತು. "ಯಾವ ಊರಿಗಿ ಒಯ್ದರೂ ಇವರು ಪ್ಯಾಟಿಗಿ ಹೋಗಿ ಹಗ್ಗದ ದರ ಕೇಳ್ತಾರ. ನಾಕೂ ಕಡೆ ನೀರಿದ್ರ ಎಲ್ಲಿಗಿ ಹೋಗ್ತಾರ? ಊರ ದನಕ್ಕೆಲ್ಲಾ ಇವರು ಕಣ್ಣಿ ಕೊಡ್ತಾರ, ಇವರಿಗಿ ಕಣ್ಣಿ ಹಾಕವರು ಯಾರು?"

"ಖರೆ ಐತಿ," ಅಂದಳು ಬಸಗೊಂಡಪ್ಪನವರ ತಾಯಿ ಕಾಳವ್ವ. "ಹರಕೊಂಡು ಓಡೂ ಹೋರಿನ್ನ ಗೂಟಕ್ಕ ಕಟ್ಟಬಾರದು, ಹೊಂಡದ ನಡುವ ಬಿಡಬೇಕು."

ಹೋರಿ ಬಾಗಿಲಲ್ಲಿ ನಿಂತು ರೊಟ್ಟಿ ತಿನ್ನುತ್ತಿತ್ತು. "ಕಾರಹುಣ್ಣಿಮಿ ತಿಂಗಳ ಮುಂದ ಐತಿ. ಎತ್ತಿಗಿ ಹೊಸ ಕಣ್ಣಿ, ಹೊಸ ಮೂಗುದಾಣ, ಕೋಡಿಗಿ ಗೊಂಡೆ ಯಾರು ಕೊಡವರು? ನಾ ಎಂಟು ದಿನ ಇಲ್ಲಂದ್ರ ಏನಾಗತೈತಿ ಗೊತ್ತೈತೇನು?"

"ಗೊತ್ತಿಲ್ಲ," ಅಂದಳು ಅಕ್ಕ. "ಅದನ್ನಽ ನೋಡಬೇಕಾಗೇತಿ."

ಹೀಗೆ ಎಪ್ಪತ್ತೈದರಲ್ಲೋ ಎಪ್ಪತ್ತಾರರಲ್ಲೋ, ಮೇ ತಿಂಗಳ ಮೊದಲ ವಾರ, ಅಂಗಡಿಯ ಕೀಲಿಕೈ ಅಬ್ದುಲಸಮದನ ಕೈಗೆ ಹೋಯಿತು. ಅವನು ಅಂಗಡಿಯಲ್ಲೇ ದುಡಿದು ತಲೆ ಬೆಳ್ಳಗಾದವನು. ಬಸಗೊಂಡಪ್ಪನವರು ಅವನಿಗೆ ಹಗ್ಗ ಹೇಗೆ ಹಿಡಿಯಬೇಕೆಂಬುದರಿಂದ ಪಾಠ ಶುರುಮಾಡಿದರು. ಅವನು "ಹೂಂರಿ ಸಾವಕಾರ್ರ" ಎನ್ನುತ್ತ, ಬಸ್ಸು ಬಿಡುವ ತನಕ ಕೇಳಿಸಿಕೊಂಡ.

ನಾನು ಆಗ ತಿಕೋಟಾದ ಶಾಲೆಯಲ್ಲಿ ಮಾಸ್ತರ, ಅದೂ ಭೂಗೋಳ ಕಲಿಸುವವನು. ಅಕ್ಕ ನನ್ನನ್ನು ಕರೆದಾಗ, ಸಮುದ್ರದ ಬಗ್ಗೆ ವಿವರಿಸಲು ಒಬ್ಬ ತಿಳಿದವ ಬೇಕಾಗಿದ್ದಾನೆ ಎಂದುಕೊಂಡು ಹೊಸ ಪಾಯಜಾಮಾ ಹೊಲಿಸಿದೆ. ಬಸ್ಸು ನಿಂತ ಮೊದಲ ಊರಲ್ಲೇ ನನ್ನ ಕೆಲಸ ಗೊತ್ತಾಯಿತು. ಇಳಿದು ಓಡಿದ ಭಾವನವರನ್ನು ಹಿಡಿದು ತರುವುದು! ಹುಬ್ಬಳ್ಳಿಗೆ ಮುಟ್ಟುವುದರೊಳಗೆ ಕಂಡಕ್ಟರನ ತಾಳ್ಮೆ ಹರಿಯಿತು.

"ಯಜಮಾನ್ರ, ನೀವು ಬಸ್ಸಿನ್ಯಾಗ ಬರವರೋ, ಬಸ್ಸಿನ ಹಿಂದ ಬರವರೋ? ಒಂದು ಹೇಳಿಬಿಡ್ರಿ."

ಘಟ್ಟ ಇಳಿದು, ಕಾಳವ್ವನೂ ಅಕ್ಕನ ಮಗಳೂ ಸೇರಿ ನಾವು ಐವರು ಉಡುಪಿಯ ಛತ್ರದಲ್ಲಿ ಗಂಟು ಇಳಿಸಿ ಮಲ್ಪೆಗೆ ಹೋದೆವು. ನಾವೆಲ್ಲ ಜನ್ಮದಲ್ಲಿ ಮೊದಲ ಸಲ ಸಮುದ್ರ ನೋಡಿ ಬಾಯಿ ತೆರೆದು ನಿಂತಿದ್ದೆವು. ಬಸಗೊಂಡಪ್ಪನವರು ಸಮುದ್ರಕ್ಕೆ ಬೆನ್ನು ಹಾಕಿ ದೋಣಿಗಳ ಹಗ್ಗ ಮುಟ್ಟಿ ನೋಡುತ್ತಿದ್ದರು. ತೆಂಗಿನ ನಾರಿನದನ್ನು ಒಪ್ಪಿದರು. ಆದರೆ ಹೊಸದಾಗಿ ಬಂದಿದ್ದ ನೀಲಿ ನೈಲಾನ್ ಹಗ್ಗವನ್ನು ಎಳೆದು, ಹೊಸೆದು, ಮೂಸಿ, ಕೊನೆಗೆ ಹಲ್ಲಲ್ಲಿ ಕಚ್ಚಿದರು. ಅದು ಬಗ್ಗಲಿಲ್ಲ. "ಇದು ಹಗ್ಗಲ್ಲ, ಹಾವು," ಎಂದರು. ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಮೊದಲ ದಿನ ದಂಡೆಗೆ ಹತ್ತಿರದ ಕೋಟೆಯ ನಡುಗಡ್ಡೆ. ಅದನ್ನು ಅವರು ಒಂದು ಸುತ್ತು ತಿರುಗಿ, ಗೋಡೆ ಎಷ್ಟು ಮಾರು ಉದ್ದವಿದೆ ಎಂದು ಹೇಳಿ, ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ದೋಣಿಯ ಹತ್ತಿರ ನಿಂತಿದ್ದರು. ದೋಣಿಯವನ ಜೊತೆ ಅಕ್ಕನೇ ಮಾತು ಕುದುರಿಸಿದಳು. ನಾಳೆ ದೂರದ್ದಕ್ಕೆ ಒಯ್ಯಬೇಕು, ಬಿಟ್ಟು ಹೋಗಬೇಕು, ಹೊತ್ತು ಇಳಿದ ಮೇಲೆಯೇ ಬರಬೇಕು. ಮೊದಲು ಕೂಗಿದರೂ ಬರಬಾರದು.

ಅಲ್ಲಿಯವರು ತೋನ್ಸೆಪಾರ್ ಎನ್ನುವ ಆ ದ್ವೀಪದ ದಾರಿಯಲ್ಲಿ ದೋಣಿಯವ ಹತ್ತು ಸಲವಾದರೂ "ಕೂತ್ಕೊಳ್ಳಿ ಮಾರಾಯ್ರೆ, ದೋಣಿ ಮಗುಚ್ತದೆ" ಎಂದ. ಇಳಿದು ನೋಡಿದರೆ ಕ್ಯಾಲೆಂಡರಿನದೇ ಚಿತ್ರ. ತೆಂಗಿನ ಮರ, ಕಪ್ಪೆಚಿಪ್ಪಿನ ದಂಡೆ, ಸುತ್ತ ನೀರು. ಚಿತ್ರದಲ್ಲಿಲ್ಲದ್ದೆಂದರೆ ಕರಿಕಲ್ಲು. ಯಾರೋ ಕೆತ್ತಿ ಸಾಲಾಗಿ ನಿಲ್ಲಿಸಿದಂತೆ ಕಂಬಕಂಬವಾಗಿ ಎದ್ದು ನಿಂತಿದ್ದವು.

"ಇದನ್ನ ನೋಡಾಕ ಇಷ್ಟು ದೂರ ಬರಬೇಕಿತ್ತೇನು?" ಅಂದರು ಬಸಗೊಂಡಪ್ಪನವರು. "ನಮ್ಮ ಹೊಲದಾಗ ಕರಿಕಲ್ಲ ಆರಿಸಿ ಆರಿಸಿ ನಮ್ಮಪ್ಪ ಸತ್ತ."

"ಅಂವ ಒಗದ. ಇಲ್ಲಿ ಯಾರೋ ಹೊಂದಿಸ್ಯಾರ," ಅಂದಳು ಕಾಳವ್ವ. "ಕೆಲಸಗಾರರು."

ಅಕ್ಕ ಮರದ ಕೆಳಗೆ ಕೌದಿ ಹಾಸಿ, ಅದರ ಮೂಲೆಗಳಿಗೆ ಕಲ್ಲಿಟ್ಟು, ಗಂಡನನ್ನು ನೋಡಿದಳು. "ಕುಂಡ್ರ್ರಿ."

ಅವರು ಕೂತರು. ಕೌದಿಗೆ ಧೋತರ ತಾಗಿದ್ದನ್ನು ನಾನೇ ನೋಡಿದೆ. ತಾಗಿದ್ದೇ ಎದ್ದರು. "ನಾಕೂ ಕಡೆ ನೀರು ಐತೋ ಇಲ್ಲೋ ನೋಡಿ ಬರ್ತೇನಿ."

ಅಕ್ಕ ಬುತ್ತಿಯ ಗಂಟು ಬಿಚ್ಚುವುದರೊಳಗೆ ಬಂದು "ಐತಿ" ಅಂದರು. ಮತ್ತೆ ಹೋದರು. ಈ ಸಲ ಅವರ ಕಣ್ಣಿಗೆ ಬಿದ್ದದ್ದು ಇನ್ನೊಂದು ನಡುಗಡ್ಡೆ. ಅದನ್ನು ಹಾಗೆನ್ನುವುದೂ ಹೆಚ್ಚೇ. ಒಂದು ಗುಡ್ಡೆ ಕರಿಕಲ್ಲು, ನೆತ್ತಿಯ ಮೇಲೆ ಒಂದಿಷ್ಟು ಮುಳ್ಳಿನ ಪೊದೆ. ಕೂಗಿದರೆ ಕೇಳುವಷ್ಟು ದೂರ. ನಡುವೆ ಮರಳು, ಹಾಸುಗಲ್ಲು, ಮೊಳಕಾಲಷ್ಟು ನೀರು.

"ಆ ಕಡೆ ಕಲ್ಲಿನ ಮ್ಯಾಲೆ ಏನೋ ನೀಲಿ ಕಾಣತೈತಿ," ಅಂದರು. "ಅಲ್ಲಿಗಿ ಹೋಗಿ ಬರೂಣು."

ಅವರ ಮಗಳು ಸಾವಂತ್ರಿ, ಆಗ ಎಂಟನೆಯ ಇಯತ್ತೆ, ಅಡ್ಡ ಬಂದಳು. "ಯಪ್ಪಾ, ಬ್ಯಾಡ. ಸಮುದ್ರಕ್ಕ ಭರತಿ ಇಳಿತ ಅಂತ ಇರ್ತಾವು. ಪುಸ್ತಕದಾಗ ಐತಿ."

"ಪುಸ್ತಕ ಬರದಾಂವ ಡೋಣಿ ನೋಡ್ಯಾನೇನು?"

ಡೋಣಿ ನಮ್ಮ ಕಡೆಯ ಉಪ್ಪುನೀರಿನ ಹೊಳೆ. ಮಳೆಗಾಲದಲ್ಲಿ ಅದು ತುಂಬಿ ಬಂದರೆ ಚಕ್ಕಡಿಗಳು ಎರಡೂ ದಂಡೆಗೆ ನಿಲ್ಲುತ್ತವೆ. ಆಗ ಒಬ್ಬ ಹಿರಿಯ ನೀರಿನ ಅಂಚಿಗೆ ಒಂದು ಕಲ್ಲಿಡುತ್ತಾನೆ. ನೀರು ಕಲ್ಲು ಬಿಟ್ಟು ಗೇಣು ಕೆಳಗೆ ಹೋಯಿತೋ, ಎತ್ತು ಹೂಡು! ಇಳಿಯತೊಡಗಿದ ಹೊಳೆ ಇಳಿಯುತ್ತಲೇ ಹೋಗುತ್ತದೆ. ಅದು ಮತ್ತೆ ಏರಬೇಕಾದರೆ ಮತ್ತೊಂದು ಮಳೆಯಾಗಬೇಕು. ಅಜ್ಜ ಮುತ್ತಜ್ಜರ ಕಾಲದಿಂದ ಈ ಲೆಕ್ಕ ತಪ್ಪಿಲ್ಲ.

ಬಸಗೊಂಡಪ್ಪನವರು ಒಂದು ಕಲ್ಲಿಟ್ಟು, ಅದರ ಸುತ್ತ ಮೂರು ಸುತ್ತು ತಿರುಗಿ, ಬಗ್ಗಿ ನೋಡಿದರು. ನೀರು ಗೇಣು ಕೆಳಗೆ ಹೋಗಿತ್ತು. ಆಕಾಶ ನೋಡಿದರು. ಒಂದು ತುಣುಕು ಮೋಡವಿರಲಿಲ್ಲ. ಬೆರಳದ್ದಿ ನಾಲಗೆಗೆ ಹಚ್ಚಿಕೊಂಡರು. "ಡೋಣಿ ನೀರೂ ಉಪ್ಪು, ಇದೂ ಉಪ್ಪು. ಮತ್ತೇನು?"

ಚಂದ್ರನ ಸೆಳೆತವನ್ನು ಪ್ರತಿವರ್ಷ ಫಲಕದ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದ ನನಗೂ ಆ ಕ್ಷಣದಲ್ಲಿ ಇದು ಸರಿಯೆನಿಸಿತು. ಊರಿನ ಲೆಕ್ಕ ಅಷ್ಟು ಗಟ್ಟಿ.

ಅವರು ಧೋತರ ಎತ್ತಿ ಕಟ್ಟಿ ಹೊರಟರು. ಒಬ್ಬರನ್ನೇ ಬಿಡಬಾರದೆಂದು ಅಕ್ಕ ಛತ್ರಿ ಹಿಡಿದು ಹಿಂದೆ ಹೋದಳು. ನಾನೂ ಸಾವಂತ್ರಿಯೂ ಕಾಲು ಇಡುವುದರೊಳಗೆ ಕಾಳವ್ವ ನಮ್ಮಿಬ್ಬರ ರಟ್ಟೆ ಹಿಡಿದಳು. "ಮನಿ ಮಂದಿ ಎಲ್ಲಾ ಒಮ್ಮಿಗೇ ಹೊಳಿ ದಾಟಬಾರದು. ಈ ದಂಡಿಗಿ ನಾಕು ಮಂದಿ ಇರಬೇಕು." ನಾವು ಮೂವರೇ ಇದ್ದೆವು. ಬುತ್ತಿಯನ್ನೂ ಲೆಕ್ಕಕ್ಕೆ ಹಿಡಿದಳೆಂದು ಕಾಣುತ್ತದೆ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ನಾವು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ ಮಾದಲಿಗೆ ಕೈ ಹಾಕಿದ್ದೆವು. ಸಾವಂತ್ರಿ ಕೇಳಿದಳು, "ಮಾಮಾ, ಅಪ್ಪ ಇಟ್ಟ ಕಲ್ಲ ಎಲ್ಲಿ?"

ಕಲ್ಲು ಇರಲಿಲ್ಲ. ಅದು ಇದ್ದ ಜಾಗದಲ್ಲಿ ನೀರಿತ್ತು. ಹಾಸುಗಲ್ಲಿನ ದಾರಿಯ ಮೇಲೆ ತೆರೆ ಮುರಿಯುತ್ತಿತ್ತು. ಆಚೆ ಅವರಿಬ್ಬರೂ ಈಚೆ ನೋಡುತ್ತ ನಿಂತಿದ್ದರು.

"ಲೇ ಬಸ್ಯಾ, ಬಾರೋ!" ಕಾಳವ್ವ ಕೂಗಿದಳು.

"ನೀರು ಏರೇತಿ ಬೇ!"

"ಮಳಿನಽ ಇಲ್ಲ, ಹ್ಯಾಂಗ ಏರತೈತಿ?"

"ಅದನ್ನಽ ನಾನೂ ಕೇಳಾಕತ್ತೇನಿ! ಮ್ಯಾಲೆ ಎಲ್ಲೋ ಆಗಿರಬೇಕು!"

"ಸಮುದ್ರಕ್ಕ ಮ್ಯಾಲೆ ಎಲ್ಲಿ ಐತೋ ಹುಚ್ಚಪ್ಯಾಲಿ!"

ಅವರು ನೀರಿಗೆ ಇಳಿದೇಬಿಟ್ಟರು. ಒಂದು ತೆರೆ ಬಂದು ಎದೆಗೆ ಹೊಡೆದು, ತಲೆಯ ರುಮಾಲು ಬಿಚ್ಚಿಕೊಂಡು ಹೋಯಿತು. ಅಕ್ಕ ಧೋತರದ ಚುಂಗು ಹಿಡಿದು ಎಳೆದು ಮೇಲೆ ಹಾಕಿದಳು. ಆಮೇಲೆ ಪೊದೆಯ ಪಕ್ಕ ಛತ್ರಿ ಬಿಚ್ಚಿಕೊಂಡು ಕೂತಳು. ದೋಣಿಯವ ಹೊತ್ತಿಳಿದ ಮೇಲೆಯೇ ಬರುವವನೆಂದು ಅವಳಿಗೆ ಗೊತ್ತಿತ್ತು. ಹಾಗೆ ಹೇಳಿದವಳು ಅವಳೇ ತಾನೆ.

ಬಸಗೊಂಡಪ್ಪನವರು ತಿರುಗತೊಡಗಿದರು. ಹತ್ತು ಹೆಜ್ಜೆ ಹೋದರೆ ಸಮುದ್ರ, ತಿರುಗಿದರೆ ಹೆಂಡತಿ, ಮತ್ತೆ ಹತ್ತು ಹೆಜ್ಜೆಗೆ ಸಮುದ್ರ. ಮೊದಲಿಗೆ ನಮಗೆ ನಗು. ಗೂಟಕ್ಕೆ ಕಟ್ಟಿದ ಹೋರಿ ನೋಡಿದಂತೆಯೇ ಇತ್ತು. "ಗಿರಾಕಿ ಬಂದಾರೇನೋ ಬಸ್ಯಾ?" ಎಂದು ಕಾಳವ್ವ ಛೇಡಿಸಿದಳು. ಆದರೆ ಮೇ ತಿಂಗಳ ಬಿಸಿಲು, ಬೋಳು ತಲೆ, ಕಾದ ಕರಿಕಲ್ಲು. ತಿರುಗುವುದು ನಿಲ್ಲಲಿಲ್ಲ, ಜೋರಾಯಿತು. ಅಕ್ಕ ಎದ್ದು ಛತ್ರಿ ಹಿಡಿಯಲು ಹೋದರೆ ಕೈ ಕೊಡವಿ ಮುಂದೆ ಹೋದರು. ಒಮ್ಮೆ ತಡವರಿಸಿ ಹಣೆ ಹಿಡಿದುಕೊಂಡರು.

ಕಾಳವ್ವ ಬುತ್ತಿ ಕೆಳಗಿಟ್ಟು ಎದ್ದುನಿಂತಳು. ಛೇಡಿಸುವುದು ನಿಂತಿತ್ತು. "ಮಲಕಾಜನೂ ಹಿಂಗಽ ತಿರುಗಿದ್ದ ಆವತ್ತ," ಎಂದು ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ. ನಾನು ಅಂಗಿ ತೆಗೆದೆ. ಬಾವಿಯಲ್ಲಿ ಈಜು ಕಲಿತವನು ನಾನು. ಬಾವಿಯಲ್ಲಿ ನೀರು ನಿಂತಲ್ಲಿ ನಿಲ್ಲುತ್ತದೆ. ಸಾವಂತ್ರಿ ನನ್ನ ಪಾಯಜಾಮಾ ಹಿಡಿದುಕೊಂಡು ಬಿಡಲಿಲ್ಲ.

ಅಷ್ಟರಲ್ಲಿ ಬಸಗೊಂಡಪ್ಪನವರು ಬಗ್ಗಿದರು. ಬಗ್ಗಿದವರು ಕಲ್ಲಿನ ಹಿಂದೆ ಹೋದರು. ಮತ್ತೆ ಕಾಣಲಿಲ್ಲ.

ಕಾಯ್ದೆವು. ಛತ್ರಿ ಆ ಕಲ್ಲಿನ ಕಡೆಗೆ ಸರಿದು, ಅಲ್ಲಿಯೇ ನಿಂತಿತು.

"ನೀಲಾಽ! ಬಿದ್ದಾನೇನವಾ?" ಕಾಳವ್ವನ ದನಿ ಒಡೆದಿತ್ತು.

ಛತ್ರಿ ಓರೆಯಾಯಿತು. ಅಕ್ಕ ಎದ್ದು ಎರಡೂ ಕೈ ಬಾಯಿಗೆ ಹಿಡಿದಳು. "ಇಲ್ಲ ಅತ್ತೀ! ಕುಂತಾರ!"

"ಏನಽ?"

"ಕುಂತಾರ! ಕುಂತಾರ್ರೀ!"

ಕಾಳವ್ವ ಕೌದಿಯ ಮೇಲೆ ದೊಪ್ಪನೆ ಕೂತು, ಬುತ್ತಿಯಲ್ಲಿ ಉಳಿದ ಮಾದಲಿಯನ್ನೆಲ್ಲ ನಮಗೆ ಬಡಿಸಿದಳು.

ಆಚೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಕಲ್ಲಿನ ಸಂದಿಯಲ್ಲಿ ಸಮುದ್ರ ತಂದು ಒಗೆದ ಹಗ್ಗದ ಮುದ್ದೆಯೊಂದಿತ್ತು. ತೆಂಗಿನ ನಾರು, ನೀಲಿ ನೈಲಾನು, ಹರಿದ ಬಲೆ, ಎಲ್ಲ ಒಂದಕ್ಕೊಂದು ಸಿಕ್ಕಾಗಿ ದೊಡ್ಡ ಹಲಸಿನ ಹಣ್ಣಿನ ಗಾತ್ರವಾಗಿತ್ತು. ಬೆಳಗ್ಗೆ ನೀಲಿಯಾಗಿ ಕಂಡದ್ದು ಅದೇ. ಎಡವಿದ ಗಂಡ ಅದನ್ನು ಒದೆಯಲು ಕಾಲೆತ್ತಿ, ಹಾಗೆಯೇ ಬಗ್ಗಿ ಒಂದು ಎಳೆ ಹಿಡಿದು ಎಳೆದರಂತೆ. ಬರಲಿಲ್ಲ. ಇನ್ನೊಂದು ಎಳೆದರು. "ಯಾವ ಮಂಗ್ಯಾ ಹಾಕ್ಯಾನ ಈ ಗಂಟು?" ಎಂದು ಬೈದರು. ಬೈಯುತ್ತ ಕೂತರು. ಮುದ್ದೆಯನ್ನು ತೊಡೆಯ ನಡುವೆ ಇಟ್ಟುಕೊಂಡರು. ಅಕ್ಕ ತಲೆಯ ಮೇಲೆ ಛತ್ರಿ ಹಿಡಿದದ್ದೂ ಅವರಿಗೆ ತಿಳಿಯಲಿಲ್ಲ. ಕಾಲ ಹೆಬ್ಬೆರಳು ಮಾತ್ರ ಕುಣಿಯುತ್ತಲೇ ಇತ್ತು. ಆದರೆ ಬೈಗುಳ ಬರಬರುತ್ತ ಗೊಣಗಾಟವಾಗಿ, ಗೊಣಗಾಟ ಉಸಿರಾಯಿತು. ಕತ್ತಿನಲ್ಲಿ ಹಗ್ಗದಂತೆ ಉಬ್ಬಿದ್ದ ನರ ಇಳಿಯಿತು.

ಮದುವೆಯಾದಾಗಿನಿಂದ ತನ್ನ ಗಂಡನ ನೆತ್ತಿಯನ್ನು ಮೇಲಿನಿಂದ ನೋಡಿದ್ದು ಅದೇ ಮೊದಲಂತೆ ಅಕ್ಕನಿಗೆ. "ನಡುವ ಒಂದು ಮಚ್ಚಿ ಐತಿ. ನನಗ ಗೊತ್ತಽ ಇದ್ದಿಲ್ಲ ನೋಡು," ಅಂದಳು.

ಬಹಳ ಹೊತ್ತು ಹಾಗೆ ನಿಂತವಳು ಛತ್ರಿಯನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ಹೆಜ್ಜೆ ತೆಗೆದಳು.

"ಎಲ್ಲಿ ಹೊಂಟಿ ಸಾವಂತ್ರಿ ಅವ್ವಾ? ಕುಂಡ್ರು," ಅಂದರು ಗಂಡ.

"ನೀವು ಕುಂಡ್ರ್ರಿ. ನಾಕೂ ಕಡೆ ನೀರು ಐತೋ ಇಲ್ಲೋ ನಾ ನೋಡಿ ಬರ್ತೇನಿ."

ಅದನ್ನು ಈಚೆಯಿಂದ ನಾವೂ ನೋಡಿದೆವು. ಅಕ್ಕ ಸೀರೆ ಎತ್ತಿ ಕಟ್ಟಿ ಕಲ್ಲಿನಿಂದ ಕಲ್ಲಿಗೆ ಹೋಗುತ್ತಿದ್ದಳು. ಕಂಬಗಳ ತುದಿಗೆ ಹತ್ತಿದಳು. ಏಡಿಯೊಂದರ ಹಿಂದೆ ಬಿದ್ದಳು. ಬಗ್ಗಿ ಬಗ್ಗಿ ಏನೇನೋ ಆರಿಸಿ ಉಡಿಗೆ ತುಂಬಿದಳು. ಬಬಲೇಶ್ವರದಿಂದ ಜೋರಾಪುರ ಪೇಟೆ, ಪೇಟೆಯಿಂದ ಬಬಲೇಶ್ವರ, ಅಷ್ಟೇ ಕಂಡಿದ್ದ ಹೆಂಗಸು. ಆ ಅಂಗೈಯಷ್ಟು ನೆಲವನ್ನು ಎಷ್ಟು ಸುತ್ತು ಹಾಕಿದಳೋ, ಅವಳಿಗೆ ಅದು ಮುಗಿಯಲೇ ಇಲ್ಲ.

"ಗಂಡ ಕುಂತಾನಂತ ಹೇಣ್ತಿ ಹೊಂಟಳು," ಅಂದಳು ಕಾಳವ್ವ. "ಮನಿಯಾಗ ಒಬ್ಬರರ ತಿರುಗಾಕ ಬೇಕಲ್ಲ."

ಹೊತ್ತಿಳಿದ ಮೇಲೆ ದೋಣಿ ಬಂತು. ಬಸಗೊಂಡಪ್ಪನವರು ತಲೆ ಎತ್ತದೆ, "ತಡಿ, ಇನ್ನ ಎರಡು ಗಂಟು ಅದಾವು," ಅಂದರು. ದೋಣಿಯವ "ಸಮುದ್ರ ಕಾಯುದಿಲ್ಲ ಮಾರಾಯ್ರೆ" ಎಂದು ರಟ್ಟೆ ಹಿಡಿದು ಎಬ್ಬಿಸಿದ. ಮುದ್ದೆಯನ್ನು ಅಪ್ಪಿಕೊಂಡೇ ದೋಣಿ ಹತ್ತಿದರು. ದಂಡೆ ಮುಟ್ಟುವ ತನಕ ಒಮ್ಮೆಯೂ ಏಳಲಿಲ್ಲ. ಛತ್ರದ ಜಗುಲಿಯಲ್ಲಿ ಕೊನೆಯ ಗಂಟು ಬಿಚ್ಚಿ, ಹಗ್ಗಗಳನ್ನು ಸುರುಳಿ ಸುತ್ತಿಟ್ಟರು. ಕೈ ಖಾಲಿಯಾಯಿತು. ಮರುದಿನದಿಂದ ಯಥಾಪ್ರಕಾರ. ವಾಪಸು ಬರುವಾಗ ಹುಬ್ಬಳ್ಳಿಯಲ್ಲಿ ಬಸ್ಸಿನ ಹಿಂದೆ ಓಡಿ ಬಂದರು.

ಅಂಗಡಿಯ ಮುಂದೆ ಇಳಿದವರು ಮೊದಲು ಕೇಳಿದ್ದು, "ಏನೇನಾತು?"

"ಏನೂ ಆಗಿಲ್ರಿ ಸಾವಕಾರ್ರ," ಅಂದ ಅಬ್ದುಲಸಮದ. "ದನ ಎಲ್ಲಾ ಕಟ್ಟಿದಲ್ಲೇ ಅದಾವು."

"ನನ್ನ ಯಾರೂ ಕೇಳಲಿಲ್ಲೇನು?"

ಅವನು ಯೋಚಿಸಿದ. "ಒಬ್ಬರು ಕೇಳಿದ್ರ್ರಿ, ಅಂಗಡ್ಯಾಗ ಇಷ್ಟು ಸಮಾಧಾನ ಯಾಕೈತಿ ಅಂತ."

ಬಸಗೊಂಡಪ್ಪನವರು ಆ ದಿನ ಅಂಗಡಿಯ ಹಗ್ಗವನ್ನೆಲ್ಲ ಮತ್ತೊಮ್ಮೆ ಮಾರು ಹಾಕಿ ಅಳೆದರು.

ಮರುದಿನ ಮಧ್ಯಾಹ್ನ, ಅವರು ಬಾಗಿಲಲ್ಲಿ ನಿಂತು ಉಂಡು ಕೈ ತೊಳೆಯುತ್ತಿದ್ದಾಗ, ಅಕ್ಕ ಒಂದು ಹೊರೆ ಪುಂಡಿನಾರಿನ ಕಣ್ಣಿ ತಂದು ನಡುಮನೆಯಲ್ಲಿ ಒಗೆದಳು. "ಕಳ್ಳಕವಟಗಿಯಿಂದ ಬಂದದ್ದು. ಹ್ಯಾಂಗ ಸಿಕ್ಕಾಗೇತಿ ನೋಡ್ರಿ. ಇದನ್ನ ಯಾರು ಕೊಳ್ಳವರು?" ಅವರು ಬೈದು, ಕೂತು, ಬಿಡಿಸಿದರು. ಅದರ ಮರುದಿನವೂ ಒಂದು ಹೊರೆ ಸಿಕ್ಕಾಗಿತ್ತು. ಆಮೇಲೆ ದಿನಾ. ಬೆಳಗ್ಗೆ ಅವರು ಗಿರಾಕಿಗಳ ಮೇಲೆ ಕೂಗಾಡುತ್ತಿದ್ದಾಗ, ಅಕ್ಕ ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ಚೊಕ್ಕಟ ಹಗ್ಗವನ್ನು ಸಿಕ್ಕು ಮಾಡುತ್ತಿದ್ದಳು. ಕಾಳವ್ವನೂ ಕೈ ಹಚ್ಚುತ್ತಿದ್ದಳು. ಜಲನಗರದ ಡಾಕ್ಟರು ಪಟ್ಟಿ ಸುತ್ತಿ ನೋಡಿ, "ಪರವಾಗಿಲ್ಲ, ಸಮುದ್ರದ ಹವಾ ಹಿಡಿಸೇತಿ," ಎಂದರು. ಅಕ್ಕ ಹೌದೆಂದಳು.

ಮುಂದೆ ಪಂಚಮಿಗೆ ಅವಳು ತವರಿಗೆ, ಬಬಲೇಶ್ವರಕ್ಕೆ ಬಂದಳು. ಜೀವ ಮಾತ್ರ ಪೇಟೆಯಲ್ಲಿತ್ತು. ಜೋಕಾಲಿಯ ಮೇಲೆ ಕೂತವಳು ಕಾಲೂರಿ ನಿಲ್ಲಿಸಿ, "ನೀ ಒಮ್ಮೆ ಹೋಗಿ ನೋಡಿ ಬಾರೋ. ದಿನಾ ಹಗ್ಗ ಸಿಕ್ಕು ಮಾಡಂತ ನಮ್ಮ ಅತ್ತಿಗಿ ಹೇಳೀನಿ ಖರೆ, ಆದ್ರ ಆಕಿಗಿ ಹತ್ತಿರದ್ದು ಕಣ್ಣ ಕಾಣಂಗಿಲ್ಲ," ಅಂದಳು.

ನಾನು ಮಧ್ಯಾಹ್ನದ ಹೊತ್ತಿಗೆ ಹೋದೆ. ಅಬ್ದುಲಸಮದ ಉಣ್ಣಲು ಹೋಗಿದ್ದ. ಕಾಳವ್ವ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ನಡುಮನೆಯಲ್ಲಿ ಬಸಗೊಂಡಪ್ಪನವರು ನನಗೆ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲೊಂದು ಹೊಸ ಕಣ್ಣಿಯ ಹೊರೆ. ಅತ್ತಿತ್ತ ನೋಡಿ, ಅದರ ಕಟ್ಟು ಬಿಚ್ಚಿ, ಎರಡೂ ಕೈಯಿಂದ ಕಲಸಿ, ಒಂದರೊಳಗೊಂದು ತೂರಿಸಿ, ಜಗ್ಗಿ, ಮೊಳಕಾಲು ಊರಿ ಇನ್ನಷ್ಟು ಬಿಗಿದರು. ಆಮೇಲೆ ಅದನ್ನು ನೆಲಕ್ಕೆ ಒಗೆದು, "ಯಾವ ಮಂಗ್ಯಾ ಹಾಕ್ಯಾನ ಈ ಗಂಟು?" ಎಂದು ಬೈಯುತ್ತ ಅದರ ಮುಂದೆ ಕೂತರು.

ಕೂತ ಮೇಲೆ ನನ್ನನ್ನು ನೋಡಿದರು.

"ಏನು ನೋಡ್ತೀಯೋ ಮಾಸ್ತರ? ಕುಂಡ್ರು. ಆ ಕಡೆ ತುದಿ ಹಿಡಿ," ಅಂದರು. ಹೆಬ್ಬೆರಳು ಕುಣಿಯುತ್ತಿತ್ತು. "ನಿಮ್ಮ ಅಕ್ಕಗ ಹೇಳಬ್ಯಾಡ. ಆಕಿ ಹಾಕೂ ಗಂಟು ಭಾಳ ಸಡಿಲ ಇರ್ತಾವು."